ಸಂಪಾದಕರ ಉತ್ತರ: ಮಳೆರಾತ್ರಿಯ ಗದ್ದಲ ಮತ್ತು ಮಗಳ ಪ್ರಾಜೆಕ್ಟ್

ತಿಪಟೂರಿನ ಓದುಗರೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಮುಖ್ಯ ಭಾಗ ಇಷ್ಟು:

"ನಾನು ಕೊಬ್ಬರಿ ವ್ಯಾಪಾರ ಮಾಡುವವನು. ಮಗಳು ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಪ್ರಾಜೆಕ್ಟಿಗೆ ನಾಲ್ಕು ಜನರ ಗುಂಪು. ಉಳಿದ ಮೂವರು, ತಲಾ ನಾಲ್ಕು ಸಾವಿರ ಹಾಕಿ ಬೆಂಗಳೂರಿನಿಂದ ರೆಡಿಮೇಡ್ ಪ್ರಾಜೆಕ್ಟ್ ತರೋಣ ಅನ್ನುತ್ತಿದ್ದಾರೆ. ರಿಪೋರ್ಟು, ಪಿಪಿಟಿ, ವೈವಾದಲ್ಲಿ ಹೇಳಬೇಕಾದ ಉತ್ತರ ಎಲ್ಲಾ ಅಂಗಡಿಯವರೇ ಕೊಡುತ್ತಾರಂತೆ. ಇವಳು ಒಪ್ಪುತ್ತಿಲ್ಲ. ಕನ್ನಡ ಅಕ್ಷರ ಕೊಟ್ಟಾಗ ಯಾವ ಯಾವ ಸಾಫ್ಟ್‌ವೇರ್ ಎಡವುತ್ತದೆ ಅಂತ ನೋಡ್ತೀನಿ, ಅದೇ ನನ್ನ ಪ್ರಾಜೆಕ್ಟ್ ಅನ್ನುತ್ತಾಳೆ. 'ಇದರಲ್ಲಿ ನೀನು ಕಟ್ಟಿದ್ದು ಏನಮ್ಮಾ?' ಅಂತ ಗೈಡ್ ಕೇಳಿದರಂತೆ. ಯೂನಿವರ್ಸಿಟಿಗಳಲ್ಲಿ ಮಾಡುವ ಇಂಥ ಕೆಲಸದಿಂದ ಯಾರಿಗಾದರೂ ಉಪಯೋಗ ಆಗಿದೆಯಾ ಸಾರ್? ಅಥವಾ ಸುಮ್ನೆ ಅವರ ಜೊತೆ ಸೇರಿಕೋ ಅಂತ ನಾನೇ ಹೇಳಲಾ?"

ನಮಸ್ಕಾರ. ಹಾಗೆ ಹೇಳಬೇಡಿ. ನಿಮ್ಮ ಪತ್ರ ಓದಿ ಮುಗಿಸಿದ ಕೂಡಲೇ ನನಗೆ ಅನಿಸಿದ್ದು ಅದೊಂದೇ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಿಮ್ಮ ಮಗಳು ಕೇಳುತ್ತಿರುವಂಥದ್ದೇ ಪ್ರಶ್ನೆಯನ್ನು ಒಬ್ಬರು ಹಿಂದೆ ಕೇಳಿದ್ದರು. ಅದರ ಕಥೆ ನಿಮಗೂ ಗೊತ್ತಿರಲಿ.

1988ರ ಮಾತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಬಾರ್ಟನ್ ಮಿಲ್ಲರ್ ಎಂಬ ಪ್ರಾಧ್ಯಾಪಕರಿದ್ದರು. ಆ ವಿಶ್ವವಿದ್ಯಾಲಯ ಇರುವುದು ಮ್ಯಾಡಿಸನ್ ಎಂಬ ಊರಿನಲ್ಲಿ. ಒಂದು ರಾತ್ರಿ ಗುಡುಗು, ಮಳೆ ಜೋರಾಗಿತ್ತು. ಅವರು ಮನೆಯಲ್ಲೇ ಕೂತು ಟೆಲಿಫೋನ್ ತಂತಿಯ ಮೂಲಕ ವಿಶ್ವವಿದ್ಯಾಲಯದ ಯೂನಿಕ್ಸ್ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದರು. ಯೂನಿಕ್ಸ್ ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್, ಅಂದರೆ ಒಂದು ಆಪರೇಟಿಂಗ್ ಸಿಸ್ಟಮ್. ಮಳೆಗೆ ಲೈನಿನಲ್ಲಿ ಗದ್ದಲ ಶುರುವಾಯಿತು. ಇವರು ಟೈಪ್ ಮಾಡಿದ ಅಕ್ಷರಗಳ ಮಧ್ಯೆ ತಾವಾಗಿಯೇ ಬೇರೆ ಅಕ್ಷರಗಳು ನುಸುಳತೊಡಗಿದವು. ಹಳೆಯ ಲ್ಯಾಂಡ್‌ಲೈನ್ ಇಟ್ಟುಕೊಂಡವರಿಗೆ ಮಳೆಗಾಲದ ಆ ಗೊರಗೊರ ಸದ್ದು ನೆನಪಿರುತ್ತದೆ. ಅದೇ ಸದ್ದು ಇಲ್ಲಿ ಅಕ್ಷರದ ರೂಪದಲ್ಲಿ ಬರುತ್ತಿತ್ತು.

ಲೈನು ಕೆಟ್ಟಿದ್ದು ಅವರಿಗೆ ಆಶ್ಚರ್ಯ ಅನಿಸಲಿಲ್ಲ. ಆಶ್ಚರ್ಯ ಆಗಿದ್ದು ಇನ್ನೊಂದಕ್ಕೆ. ಅರ್ಥವಿಲ್ಲದ ನಾಲ್ಕು ಅಕ್ಷರ ಸೇರಿಕೊಂಡರೆ ಪ್ರೋಗ್ರಾಮು "ನನಗೆ ತಿಳಿಯಲಿಲ್ಲ, ಮತ್ತೆ ಹೇಳಿ" ಅನ್ನಬೇಕು. ಅದರ ಬದಲು ದಿನಾ ಎಲ್ಲರೂ ಬಳಸುವ ಪ್ರೋಗ್ರಾಮುಗಳೇ ಕುಸಿದು ಬೀಳುತ್ತಿದ್ದವು.

ಬೇರೆ ಯಾರಾದರೂ ಆಗಿದ್ದರೆ ಮಳೆಗೆ ಬೈದು ಮಲಗುತ್ತಿದ್ದರು. ಮಿಲ್ಲರ್ ಅದನ್ನು ತಮ್ಮ ಆಪರೇಟಿಂಗ್ ಸಿಸ್ಟಮ್ಸ್ ತರಗತಿಯ ಪ್ರಾಜೆಕ್ಟ್ ಪಟ್ಟಿಗೆ ಸೇರಿಸಿದರು. ಕೆಲಸ ಸರಳ. ಮನಬಂದಂತೆ ಅಕ್ಷರಗಳನ್ನು ಹುಟ್ಟಿಸುವ ಒಂದು ಪುಟ್ಟ ಪ್ರೋಗ್ರಾಂ ಬರೆಯಿರಿ. ಅದಕ್ಕೆ ಫಝ್ ಎಂದು ಹೆಸರಿಟ್ಟರು. ಅದರಿಂದ ಬಂದದ್ದನ್ನು ಯೂನಿಕ್ಸಿನ ಪ್ರೋಗ್ರಾಮುಗಳ ಬಾಯಿಗೆ ಸುರಿಯಿರಿ. ಯಾವುದು ಬೀಳುತ್ತದೆ, ಯಾಕೆ ಬೀಳುತ್ತದೆ ಎಂದು ಬರೆದಿಡಿ.

ಮೂರು ಗುಂಪುಗಳು ಈ ಪ್ರಾಜೆಕ್ಟ್ ತೆಗೆದುಕೊಂಡವು. ಎರಡು ಗುಂಪುಗಳಿಗೆ ಒಂದು ಪ್ರೋಗ್ರಾಮನ್ನೂ ಬೀಳಿಸಲು ಆಗಲಿಲ್ಲ. ಮೂರನೆಯದು ಲಾರ್ಸ್ ಫ್ರೆಡ್ರಿಕ್ಸನ್ ಮತ್ತು ಬ್ರಯಾನ್ ಸೋ ಎಂಬ ಇಬ್ಬರು ವಿದ್ಯಾರ್ಥಿಗಳದು. ಅವರು ತಾಳ್ಮೆಯಿಂದ, ಅಚ್ಚುಕಟ್ಟಾಗಿ ಪ್ರಯೋಗ ಮಾಡಿದರು. ಕೊನೆಗೆ ಹೊರಬಿದ್ದ ಫಲಿತಾಂಶ ಗುರುಗಳೂ ನಿರೀಕ್ಷಿಸಿದ್ದಲ್ಲ. ಯೂನಿಕ್ಸಿನ ಏಳು ಆವೃತ್ತಿಗಳಲ್ಲಿ ಸುಮಾರು 90 ಪ್ರೋಗ್ರಾಮುಗಳನ್ನು ಪರೀಕ್ಷಿಸಿದ್ದರು. ಯಾವ ಆವೃತ್ತಿ ತೆಗೆದುಕೊಂಡರೂ ಕಾಲು ಭಾಗದಷ್ಟು, ಕೆಲವು ಕಡೆ ಮೂರನೇ ಒಂದು ಭಾಗದಷ್ಟು ಪ್ರೋಗ್ರಾಮುಗಳು ಬಿದ್ದವು. ದೊಡ್ಡ ಕಂಪನಿಗಳು ಮಾರುತ್ತಿದ್ದ ಯೂನಿಕ್ಸ್ ಕೂಡ ಅದರಲ್ಲಿ ಸೇರಿತ್ತು. 1990ರ ಡಿಸೆಂಬರಿನಲ್ಲಿ ಮೂವರ ಹೆಸರಿನಲ್ಲೂ ಪ್ರಬಂಧ ಅಚ್ಚಾಯಿತು.

ಯಾಕೆ ಬಿದ್ದವು ಅನ್ನುವುದು ನಿಮಗೆ ನಿಮ್ಮ ಮಂಡಿಯ ಲೆಕ್ಕದಲ್ಲೇ ಅರ್ಥವಾಗುತ್ತದೆ. ಒಂದು ಚೀಲಕ್ಕೆ ಎಷ್ಟು ಕೊಬ್ಬರಿ ಹಿಡಿಯುತ್ತದೆ ಎಂದು ನೋಡದೆ ಸುರಿಯುತ್ತಲೇ ಹೋದರೆ ಏನಾಗುತ್ತದೆ? ಚೀಲ ತುಂಬಿ ಪಕ್ಕದವರ ಮಾಲಿನ ಮೇಲೆ ಬೀಳುತ್ತದೆ. ಆಮೇಲೆ ಯಾರ ಮಾಲು ಯಾವುದು ಅಂತ ಗೊತ್ತಾಗುವುದಿಲ್ಲ, ಅಲ್ವಾ? ಪ್ರೋಗ್ರಾಂ ಬರೆಯಲು ಬಳಸುವ ಸಿ ಭಾಷೆಯಲ್ಲಿ ಗೆಟ್ಸ್ ಎಂಬ ಒಂದು ಸೌಲಭ್ಯ ಇತ್ತು. ಅದು ಮಾಡುತ್ತಿದ್ದದ್ದು ಇದನ್ನೇ. ಎಷ್ಟು ಜಾಗ ಇದೆ ಅಂತ ಕೇಳದೆ ಬಂದದ್ದನ್ನೆಲ್ಲ ತುಂಬುತ್ತಿತ್ತು. ವಿದ್ಯಾರ್ಥಿಗಳು ಕಂಡುಹಿಡಿದ ತಪ್ಪುಗಳಲ್ಲಿ ಬಹಳಷ್ಟು ಈ ಜಾತಿಯವು.

ಅದೇ 1988ರ ನವೆಂಬರ್ 2ರಂದು ಇಂಟರ್ನೆಟ್ಟಿನಲ್ಲಿ ಮಾರಿಸ್ ವರ್ಮ್ ಎಂಬ ಹುಳು, ಅಂದರೆ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನೇ ದಾಟುವ ಪ್ರೋಗ್ರಾಂ, ಹರಡಿತು. ಅದನ್ನು ಬರೆದವನು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಸಾವಿರಾರು ಕಂಪ್ಯೂಟರುಗಳು ನಿಂತವು. ಅದು ಒಳಗೆ ನುಗ್ಗಲು ಬಳಸಿದ ದಾರಿಗಳಲ್ಲಿ ಒಂದು ಇದೇ ಗೆಟ್ಸ್. ಅಂದರೆ ಮ್ಯಾಡಿಸನ್ನಿನ ವಿದ್ಯಾರ್ಥಿಗಳು ಪ್ರಾಜೆಕ್ಟ್ ಎಂದು ಕೆದಕುತ್ತಿದ್ದ ತೂತಿನಿಂದಲೇ ಆ ಸೆಮಿಸ್ಟರಿನಲ್ಲಿ ಹುಳು ಹೊಕ್ಕಿತ್ತು. ಕೊನೆಗೆ 2011ರಲ್ಲಿ ಸಿ ಭಾಷೆಯ ಮಾನದಂಡದಿಂದಲೇ ಗೆಟ್ಸ್ ಅನ್ನು ತೆಗೆದುಹಾಕಿದರು. ನಮ್ಮ ಮಕ್ಕಳ ಲ್ಯಾಬ್ ರೆಕಾರ್ಡುಗಳಲ್ಲಿ ಅದನ್ನು ಈಚೆಗೂ ನೋಡಿದ್ದೇನೆ. ನೋಡಿದಾಗಲೆಲ್ಲ ಬೇಜಾರಾಗುತ್ತದೆ.

ನಿಮ್ಮ ಮಗಳ ಗೈಡ್ ಕೇಳಿದಂಥ ಪ್ರಶ್ನೆಯನ್ನು ಮಿಲ್ಲರ್‌ಗೂ ಕೇಳಿದ್ದರು. ಇದರಲ್ಲಿ ಸಿದ್ಧಾಂತ ಎಲ್ಲಿದೆ, ಮಾಡೆಲ್ ಎಲ್ಲಿದೆ, ಸುಮ್ನೆ ಕಸ ಎಸೆದು ನೋಡುವುದು ಸಂಶೋಧನೆಯಾ ಅಂತ ಟೀಕೆ ಬಂತು. ಅವರು ವಾದಕ್ಕೆ ನಿಲ್ಲದೆ, ಪ್ರೋಗ್ರಾಂ, ಪರೀಕ್ಷೆಗೆ ಬಳಸಿದ ಮಾಹಿತಿ, ಫಲಿತಾಂಶ ಎಲ್ಲವನ್ನೂ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಬೇಕಾದವರು ತಾವೇ ಮಾಡಿ ನೋಡಬಹುದಿತ್ತು. 1995ರಲ್ಲಿ ಅವರ ತಂಡ ಮತ್ತೆ ಅದೇ ಪರೀಕ್ಷೆ ನಡೆಸಿತು. ಐದು ವರ್ಷದ ಹಿಂದೆ ಹೇಳಿದ್ದ ತಪ್ಪುಗಳಲ್ಲಿ ಎಷ್ಟೋ ಹಾಗೆಯೇ ಉಳಿದಿದ್ದವು. ಆಗ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಪುಕ್ಕಟೆ ಸಿಗುತ್ತಿದ್ದ ಲಿನಕ್ಸ್ ಮತ್ತು ಗ್ನೂ ಪ್ರೋಗ್ರಾಮುಗಳಲ್ಲಿ ಬಿದ್ದವು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಕಾಸು ಕೊಟ್ಟು ಕೊಳ್ಳುವ ಯೂನಿಕ್ಸ್‌ಗಳಲ್ಲಿ ಅದಕ್ಕಿಂತ ಜಾಸ್ತಿ.

ಹೀಗೆ ಮನಬಂದಂತೆ ಅಕ್ಷರ ಸುರಿದು ಪರೀಕ್ಷಿಸುವುದಕ್ಕೆ ಫಝಿಂಗ್ ಎನ್ನುತ್ತಾರೆ. ಇವತ್ತು ಅದು ಸಾಫ್ಟ್‌ವೇರ್ ಸುರಕ್ಷತೆಯ ದಿನನಿತ್ಯದ ಕೆಲಸ. ಗೂಗಲ್ 2016ರಲ್ಲಿ ಓಎಸ್‌ಎಸ್-ಫಝ್ ಎಂಬ ಸೇವೆ ಶುರು ಮಾಡಿತು. ಎಲ್ಲರೂ ಬಳಸುವ ಓಪನ್ ಸೋರ್ಸ್ (ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ನೋಡಬಹುದಾದ) ಪ್ರೋಗ್ರಾಮುಗಳಿಗೆ ಹಗಲೂ ರಾತ್ರಿ ಹೀಗೆ ಅಕ್ಷರ ಸುರಿಯುವುದೇ ಅದರ ಕೆಲಸ. ಸುರಕ್ಷತೆಗೆ ಸಂಬಂಧಿಸಿದ ತೂತುಗಳನ್ನೇ ಅದು ಹತ್ತು ಸಾವಿರಕ್ಕಿಂತ ಹೆಚ್ಚು ಹುಡುಕಿದೆ. ಉಪಯೋಗ ಆಗಿದೆಯಾ ಅಂತ ಕೇಳಿದಿರಿ. ನಿಮ್ಮ ಫೋನಿನಲ್ಲಿರುವ ಬ್ರೌಸರ್ ಕೂಡ ಈ ಪರೀಕ್ಷೆ ದಾಟಿಯೇ ನಿಮ್ಮ ಕೈಗೆ ಬಂದಿದೆ.

ಈಗ ಕನ್ನಡದ ವಿಷಯ.

ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ಒಂದು ಲೇಖನ ಹುಡುಕಬೇಕಿತ್ತು. "ರ‍್ಯಾಂಕ್" ಎಂದು ಟೈಪ್ ಮಾಡಿದೆ. ಮೂರು ಲೇಖನ ಸಿಕ್ಕವು. ನನಗೆ ಬೇಕಾದದ್ದು ಸಿಗಲಿಲ್ಲ. ಇದೆ ಅಂತ ನನಗೆ ಚೆನ್ನಾಗಿ ಗೊತ್ತು, ನಾನೇ ತಿದ್ದಿದ ಲೇಖನ. ಮಧ್ಯಾಹ್ನವೆಲ್ಲ ಹುಡುಕಿದ ಮೇಲೆ ಕಾರಣ ಗೊತ್ತಾಯಿತು. ಆ ಲೇಖನ ಟೈಪ್ ಮಾಡಿದವರು "ರ್ಯಾಂಕ್" ಎಂದು ಅರ್ಕಾವತ್ತಿನಲ್ಲಿ ಬರೆದಿದ್ದರು. ರ ಅಕ್ಷರವನ್ನು ಹಾಗೇ ಉಳಿಸಿ ಯ ಒತ್ತು ಕೊಡಬೇಕಾದರೆ ಯೂನಿಕೋಡಿನಲ್ಲಿ (ಎಲ್ಲಾ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರುಗಳು ಬಳಸುವ ಸಂಕೇತ ಪದ್ಧತಿ) ಮಧ್ಯೆ ಕಣ್ಣಿಗೆ ಕಾಣದ ಒಂದು ಜೋಡಕ್ಷರದ ಗುರುತು ಸೇರಿಸಬೇಕು. ಓದುವ ನಮಗೆ ಎರಡೂ ಒಂದೇ ಪದ. ಕಂಪ್ಯೂಟರಿಗೆ ಎರಡು ಬೇರೆ ಪದ. ಇನ್ನು ಯೂನಿಕೋಡಿಗಿಂತ ಮುಂಚೆ ನುಡಿ ಫಾಂಟಿನಲ್ಲಿ ಮಾಡಿದ ಸಂಚಿಕೆಗಳಂತೂ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅಲ್ಲಿ ಹುಡುಕುವ ಮಾತೇ ಇಲ್ಲ.

ನಮಗೆ ಒಂದು ಮಧ್ಯಾಹ್ನ ಹಾಳಾಯಿತು, ಅಷ್ಟೇ. ಆದರೆ ಇದೇ ತೊಡಕು ಮತದಾರರ ಪಟ್ಟಿಯಲ್ಲೋ ಪಹಣಿಯಲ್ಲೋ ಆದರೆ? ಸೂರ್ಯ, ಆರ್ಯ, ಆಚಾರ್ಯ ಎಂಬ ಹೆಸರಿನವರು ನಮ್ಮಲ್ಲಿ ಕಡಿಮೆಯಾ? ಎಲ್ಲಿ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ ಎಂದು ಯಾರಾದರೂ ಕೂತು ನೋಡಲೇಬೇಕು.

ಬರೀ ಹುಡುಕುವ ತೊಂದರೆ ಅಂತಲೂ ತಿಳಿಯಬೇಡಿ. 2018ರ ಫೆಬ್ರವರಿಯಲ್ಲಿ ತೆಲುಗಿನ "ಜ್ಞಾ" ಅಕ್ಷರದ ಒಂದು ರೂಪ ಬಂದರೆ ಐಫೋನಿನ ಮೆಸೇಜ್ ಆ್ಯಪ್ ಬಿದ್ದುಹೋಗುತ್ತಿತ್ತು. ಆ ಅಕ್ಷರದ ಒಳಗೂ ಇಂಥದ್ದೇ ಕಾಣದ ಗುರುತೊಂದು ಕೂತಿತ್ತು. ಆಪಲ್ ಕಂಪನಿ ಕೆಲವೇ ದಿನಗಳಲ್ಲಿ 11.2.6 ಎಂಬ ಹೊಸ ಆವೃತ್ತಿ ಬಿಟ್ಟು ಸರಿಮಾಡಿತು. ಅಷ್ಟು ದೊಡ್ಡ ಕಂಪನಿ, ಅಷ್ಟು ಜನ ಪರೀಕ್ಷಕರು. ನಮ್ಮ ಲಿಪಿಗಳನ್ನು ಎಲ್ಲಾ ರೀತಿಯಲ್ಲೂ ಜೋಡಿಸಿ ನೋಡಿದವರು ಅಲ್ಲಿ ಇರಲಿಲ್ಲ. ನಿಮ್ಮ ಮಗಳು ಮಾಡಹೊರಟಿರುವುದು ಅದನ್ನೇ.

"ಕಟ್ಟಿದ್ದು ಏನು" ಎಂಬ ಪ್ರಶ್ನೆಗೆ ಬರುತ್ತೇನೆ. ಗೈಡ್ ಮೇಲೆ ನನಗೆ ಕೋಪವಿಲ್ಲ. ಒಬ್ಬೊಬ್ಬರ ತಲೆಯ ಮೇಲೆ ಹಲವು ಗುಂಪುಗಳ ಭಾರ ಇರುತ್ತದೆ. ಆದರೂ ಕಟ್ಟಿದ್ದನ್ನು ಮಾತ್ರ ಕೆಲಸ ಎನ್ನುವ ಅಭ್ಯಾಸ ನಮ್ಮ ಕಾಲೇಜುಗಳಲ್ಲಿ ಬೇರೂರಿದೆ. ಇರುವುದನ್ನು ಸರಿಯಾಗಿ ನೋಡುವುದೂ ಸಂಶೋಧನೆಯೇ. ಇದಕ್ಕೆ ಸಾಕ್ಷಿ ಹುಡುಕಿಕೊಂಡು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಒಂದಿದೆ.

ನೀವು ತಿಪಟೂರಿನಿಂದ ಮಂಗಳೂರಿಗೆ ಹೊರಟರೆ ಶಿರಾಡಿ ಹಿಡಿಯುವುದಾ, ಚಾರ್ಮಾಡಿ ಹಿಡಿಯುವುದಾ ಎಂದು ಯೋಚಿಸುತ್ತೀರಿ. ಕಾರಾದರೆ ಒಂದು ದಾರಿ, ಲೋಡಿನ ಲಾರಿಯಾದರೆ ಇನ್ನೊಂದು. ಮಾಹಿತಿಯನ್ನು ಕೂಡಿಟ್ಟು ಬೇಕಾದಾಗ ಹುಡುಕಿಕೊಡುವ ಡೇಟಾಬೇಸ್ ಕೂಡ ಹಾಗೆಯೇ. ಒಂದು ಪ್ರಶ್ನೆ ಕೇಳಿದರೆ ಉತ್ತರ ತರಲು ಯಾವ ದಾರಿ ಅಗ್ಗ ಎಂದು ಅದರೊಳಗಿನ ಒಂದು ಭಾಗ ನಿರ್ಧರಿಸುತ್ತದೆ. ಪ್ರೊಫೆಸರ್ ಜಯಂತ್ ಹರಿತ್ಸ ಮತ್ತು ಅವರ ವಿದ್ಯಾರ್ಥಿಗಳು ಹೊಸ ಡೇಟಾಬೇಸ್ ಕಟ್ಟಲು ಹೋಗಲಿಲ್ಲ. ಮಾರುಕಟ್ಟೆಯಲ್ಲಿದ್ದ ಡೇಟಾಬೇಸುಗಳಿಗೆ ಒಂದೇ ಪ್ರಶ್ನೆಯನ್ನು ಮಾಹಿತಿಯ ಪ್ರಮಾಣ ಬದಲಾಯಿಸುತ್ತಾ ಸಾವಿರಾರು ಸಲ ಕೇಳಿದರು. ಒಂದೊಂದು ದಾರಿಗೆ ಒಂದೊಂದು ಬಣ್ಣ ಹಚ್ಚಿ ಚಿತ್ರ ಬರೆದರು. ನಾಲ್ಕೈದು ದೊಡ್ಡ ಬಣ್ಣದ ತುಂಡು ಬರಬಹುದು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಬಂದದ್ದು ಚೂರುಚೂರಾದ, ಸೊಟ್ಟಸೊಟ್ಟ ಆಕಾರದ ಹತ್ತಾರು ಬಣ್ಣಗಳು. ಚಿತ್ರಕಾರ ಪಿಕಾಸೊ ಬರೆಯುತ್ತಿದ್ದ, ಆಕಾರಗಳನ್ನು ಒಡೆದು ಜೋಡಿಸಿದ ಕ್ಯೂಬಿಸ್ಟ್ ಚಿತ್ರದ ಹಾಗೆ ಕಾಣುತ್ತಿತ್ತು. ಅದಕ್ಕೇ ಆ ಸಾಫ್ಟ್‌ವೇರಿಗೆ ಪಿಕಾಸೊ ಎಂದು ಹೆಸರು. 2005ರಲ್ಲಿ ಈ ಚಿತ್ರಗಳ ಪ್ರಬಂಧ ಬಂತು. ಖರ್ಚು ಶೇ 20ರಷ್ಟು ಹೆಚ್ಚಾದರೂ ಪರವಾಗಿಲ್ಲ ಎಂದರೆ ಇಷ್ಟೊಂದು ದಾರಿ ಬೇಕಾಗಿಲ್ಲ, ಹತ್ತರ ಆಸುಪಾಸು ಸಾಕು ಎಂದು 2007ರಲ್ಲಿ ತೋರಿಸಿದರು. ಆ ಚಿತ್ರಗಳನ್ನು ಮೊದಲ ಸಲ ನೋಡಿದಾಗ ನಾನು ತುಂಬಾ ಹೊತ್ತು ಕಣ್ಣು ತೆಗೆಯಲಿಲ್ಲ. ನಿಮ್ಮ ಮಗಳಿಗೂ ತೋರಿಸಿ.

ಕಟ್ಟಿದವರೂ ಇದ್ದಾರೆ, ಇಲ್ಲ ಅಂತಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಹುಟ್ಟಿದ್ದು ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ. ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಭಾಷೆಗೆ ತಿರುಗಿಸುವ ಎಲ್‌ಎಲ್‌ವಿಎಂ ಶುರುವಾಗಿದ್ದು 2000ದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ವಿಕ್ರಂ ಆಡ್ವೆ ಅವರ ಬಳಿ ಓದುತ್ತಿದ್ದ ಕ್ರಿಸ್ ಲ್ಯಾಟ್ನರ್ ಕೈಯಲ್ಲಿ. ಇವತ್ತು ಐಫೋನಿನ ಆ್ಯಪುಗಳು ತಯಾರಾಗುವುದು ಅದರಿಂದ. ಆದರೆ ನಾಲ್ಕು ಜನ, ಒಂದು ವರ್ಷ, ಕಾಲೇಜಿನ ಒಂದು ಲ್ಯಾಬ್ ಎಂದರೆ ನೋಡುವ ಕೆಲಸವೇ ಕೈಗೆ ಹತ್ತುವಂಥದ್ದು.

ಕೊಂಡ ಪ್ರಾಜೆಕ್ಟಿನ ವಿಷಯ ಉದ್ದ ಮಾಡುವುದಿಲ್ಲ. ಕಂಪನಿಗಳಲ್ಲಿ ಸಂದರ್ಶನ ಮಾಡುವ ಗೆಳೆಯರು ನನಗಿದ್ದಾರೆ. "ನಿನ್ನ ಪ್ರಾಜೆಕ್ಟಿನಲ್ಲಿ ಎಲ್ಲಿ ಸಿಕ್ಕಿಹಾಕಿಕೊಂಡೆ, ಹೇಗೆ ಹೊರಗೆ ಬಂದೆ?" ಎಂದು ಅವರು ಕೇಳುತ್ತಾರೆ. ಅಂಗಡಿಯವರು ಬರೆದುಕೊಟ್ಟ ಹಾಳೆಯಲ್ಲಿ ಅದಕ್ಕೆ ಉತ್ತರ ಇರುವುದಿಲ್ಲ. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳೂ ಇವೆ. ಅವುಗಳ ಕಡೆ ತಲೆ ಹಾಕಬೇಡಿ ಎಂದು ಮಗಳಿಗೆ ಹೇಳಿ. ನಮ್ಮ ಎಷ್ಟೋ ಕಾಲೇಜುಗಳಲ್ಲಿ ಸಂಶೋಧನೆ ಎಂದರೆ ಸರ್ಟಿಫಿಕೇಟ್ ಎನ್ನುವಂತಾಗಿದೆ. ನಿಮಗೆ ಅನುಮಾನ ಬಂದಿದ್ದು ಅದರಿಂದಲೇ ಇರಬೇಕು. ಅದು ತಪ್ಪು ಅನುಮಾನವೇನಲ್ಲ.

ಮಗಳಿಗೆ ನನ್ನ ಕೆಲವು ಮಾತು. ನೂರು ಸಾಫ್ಟ್‌ವೇರ್ ಹಿಡಿಯಬೇಡಮ್ಮ, ಇಪ್ಪತ್ತು ಸಾಕು. ಕನ್ನಡ ಅಕ್ಷರ, ಒತ್ತಕ್ಷರ, ಆ ಕಾಣದ ಗುರುತುಗಳನ್ನು ಮನಬಂದಂತೆ ಜೋಡಿಸುವ ಪ್ರೋಗ್ರಾಮನ್ನು ನೀನೇ ಬರಿ. "ಕಟ್ಟಿದ್ದು ಏನು" ಎಂದರೆ ಅದನ್ನು ತೋರಿಸಬಹುದು. ಯಾವ ಅಕ್ಷರ ಸಾಲಿಗೆ ಏನಾಯಿತು ಎಂಬುದು ನಾಳೆ ಬೇರೆಯವರು ಮಾಡಿದರೂ ಹಾಗೇ ಬರಬೇಕು. ಅದಕ್ಕೆ ಸಾಫ್ಟ್‌ವೇರಿನ ಆವೃತ್ತಿ, ದಿನಾಂಕ, ಕೊಟ್ಟ ಅಕ್ಷರ ಎಲ್ಲಾ ಬರೆದಿಡು. ಬಿದ್ದವು ಮಾತ್ರ ಲೆಕ್ಕ ಅಲ್ಲ. ಹುಡುಕಿದರೆ ಸಿಗದಿರುವುದು, ಅಕಾರಾದಿಯಲ್ಲಿ ಜಾಗ ತಪ್ಪುವುದು, ಉಳಿಸಿ ತೆರೆದರೆ ಒತ್ತು ಮಾಯವಾಗುವುದು ಕೂಡ ಲೆಕ್ಕವೇ. ಏನೂ ಕೆಡದ ಸಾಫ್ಟ್‌ವೇರಿನ ಹೆಸರನ್ನೂ ಬರಿ. ಸುರಕ್ಷತೆಯ ತೂತು ಸಿಕ್ಕರೆ ಮೊದಲು ಅದನ್ನು ಮಾಡಿದವರಿಗೆ ತಿಳಿಸು, ಆಮೇಲೆ ಊರಿಗೆ.

ಖರ್ಚಿನ ಚಿಂತೆ ಇದ್ದರೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯವರು ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ದಶಕಗಳಿಂದ ಸಣ್ಣ ನೆರವು ಕೊಡುತ್ತಾ ಬಂದಿದ್ದಾರೆ. ಅರ್ಜಿ ಕಾಲೇಜಿನ ಮೂಲಕ ಹೋಗಬೇಕು. ಎಚ್‌ಒಡಿ ಹತ್ತಿರ ಕೇಳಲಿ.

ಉಳಿದ ಮೂವರನ್ನು ಬಿಡಬೇಡ ಅಂತಲೂ ಹೇಳಿ. ಅವರೂ ಬೇಕೆಂದೇ ಕೊಳ್ಳಲು ಹೊರಟವರಲ್ಲ, ಭಯಕ್ಕೆ ಹೊರಟವರು. ಒಂದು ಸಂಜೆ ಕೂರಿಸಿ, ಅವರವರ ಹೆಸರನ್ನೇ ಕನ್ನಡದಲ್ಲಿ ನಾಲ್ಕು ಆ್ಯಪಿಗೆ ಕೊಟ್ಟು ಹುಡುಕಿಸಲಿ. ಒಂದು ಕಡೆ ತಪ್ಪಿದರೂ ಸಾಕು, ಮೂವರಲ್ಲಿ ಒಬ್ಬರಾದರೂ ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

ಪರೀಕ್ಷೆಗೆ ನಿಜವಾದ ಕನ್ನಡ ಬರಹ ಬೇಕಾಗುತ್ತದೆ. ನಮ್ಮ ಕಚೇರಿಯಲ್ಲಿರುವ ಹಳೆಯ ಸಂಚಿಕೆಗಳ ಫೈಲುಗಳನ್ನು, ನುಡಿಯವೂ ಯೂನಿಕೋಡಿನವೂ ಸೇರಿಸಿ, ಕೊಡಲು ನಾವು ಸಿದ್ಧ. ಆ "ರ‍್ಯಾಂಕ್" ಲೇಖನವೂ ಅದರಲ್ಲಿದೆ. ಮಗಳು ಬರುವಾಗ ಒಂದು 32 ಜಿಬಿ ಪೆನ್‌ಡ್ರೈವ್ ತಂದರೆ ಸಾಕು.

— ಸಂಪಾದಕ