ಗೆರೆಗೂ ಗ್ರಹಣಕ್ಕೂ ಸಂಬಂಧವಿಲ್ಲ

ಪ್ರಶ್ನೆ: ನನ್ನ 12 ದಿನದ ಮಗುವಿನ ಎಡಗಾಲಿನ ಸುತ್ತ ದಾರ ಬಿಗಿದ ಹಾಗೆ ಆಳವಾದ ಗೆರೆ ಇದೆ. ಪಾದ ಊದಿದೆ, ಒಳಕ್ಕೆ ತಿರುಗಿದೆ. ಬೆನ್ನೂ ಬಾಗಿದೆ. ಗ್ರಹಣದ ದಿನ ಬಟ್ಟೆ ಕತ್ತರಿಸಿದ್ದಕ್ಕೆ ಹೀಗಾಯ್ತು ಅಂತಾರೆ ಅತ್ತೆ. ಎಣ್ಣೆ ತಿಕ್ಕಿದರೆ ಹೋಗುತ್ತಾ?
– ಸಿದ್ದಾಪುರ ಹತ್ತಿರದ ತೋಟದಿಂದ ಒಬ್ಬ ತಾಯಿ

ಉತ್ತರ: ಎಣ್ಣೆ ಬೇಡಮ್ಮ. ಪಾದ ಊದಿದೆ ಅಂದಿರಲ್ಲ, ಇವತ್ತೇ ಮಡಿಕೇರಿಯ ಜಿಲ್ಲಾಸ್ಪತ್ರೆಗೆ ಹೊರಡಿ.

ಗ್ರಹಣದ ಮಾತು ಕೇಳಿ ಕೇಳಿ ಸಾಕಾಗಿದೆ. ಗ್ರಹಣದಲ್ಲಿ ಕತ್ತರಿ ಮುಟ್ಟದೆ ಮಲಗಿದ್ದವರ ಮಕ್ಕಳಲ್ಲೂ ಈ ಗೆರೆ ನೋಡಿದ್ದೇನೆ. ಗರ್ಭಚೀಲದ ಒಳಪೊರೆ ಹರಿದು, ಅದರ ಎಳೆಗಳು ಕೈಕಾಲಿಗೆ ಸುತ್ತಿಕೊಳ್ಳುತ್ತವೆ ಅನ್ನುವುದು ಹೆಚ್ಚಿನ ವೈದ್ಯರು ಒಪ್ಪುವ ಕಾರಣ. ನಿಮ್ಮ ತಪ್ಪು ಏನೂ ಇಲ್ಲ. ಅತ್ತೆಗೂ ಇದನ್ನು ಓದಿ ಹೇಳಿ.

ಗೆರೆ ಬರೀ ಚರ್ಮದ ಮೇಲಿದ್ದರೆ ನಾನೂ ಅವಸರ ಮಾಡುವುದಿಲ್ಲ. ನಿಮ್ಮ ಮಗುವಿನದು ಹಾಗಲ್ಲ. ಕಾಲ್ಬೆರಳ ತುದಿ ಒತ್ತಿ ಬಿಡಿ. ಬಿಳಿಚಿದ್ದು ಎರಡು ಮೂರು ಸೆಕೆಂಡಲ್ಲಿ ಮತ್ತೆ ಕೆಂಪಾಗಬೇಕು. ಇನ್ನೊಂದು ಕಾಲಲ್ಲೂ ಒತ್ತಿ ನೋಡಿ. ತಡವಾದರೆ, ಪಾದ ನೀಲಿಯಾಗಿದ್ದರೆ, ತಣ್ಣಗಿದ್ದರೆ ಮಳೆ ಬಿಡಲಿ ಅಂತ ಒಂದು ಗಂಟೆಯೂ ಕಾಯಬೇಡಿ. ಮೈಸೂರಿಗೆ ಕಳಿಸಿದರೂ ಹೋಗಿ.

ಆಪರೇಷನ್‌ನಲ್ಲಿ ಗೆರೆಯ ಜಾಗದಲ್ಲಿ ಬಿಗಿದ ಚರ್ಮದ ಪಟ್ಟಿ ತೆಗೆದು, ಚರ್ಮವನ್ನು ಅಂಕುಡೊಂಕಾಗಿ ಹೊಲಿಯುತ್ತಾರೆ. ಸುತ್ತಲೂ ನೇರವಾಗಿ ಹೊಲಿದರೆ ಕಲೆಯೇ ಮತ್ತೆ ಬಿಗಿಯಬಹುದು. ತಿರುಗಿದ ಪಾದಕ್ಕೆ ವಾರ ವಾರ ಪ್ಲಾಸ್ಟರ್ ಬದಲಿಸಬೇಕು. ಆದರೆ ಊದಿದ ಕಾಲಿಗೆ ಪ್ಲಾಸ್ಟರ್ ಹಾಕಲು ನನಗೆ ಭಯ, ಮೊದಲು ಪಟ್ಟಿ ಬಿಡಿಸಿ ಅನ್ನುತ್ತೇನೆ. ಆಮೇಲೆ ನಡುವೆ ಸರಳು ಜೋಡಿಸಿದ ಜೋಡಿ ಬೂಟು, ಮೊದಲ ಸುಮಾರು 3 ತಿಂಗಳು ಹಗಲೂ ರಾತ್ರಿಯೂ, ಅಲ್ಲಿಂದ ಸುಮಾರು 4 ವರ್ಷದವರೆಗೆ ಮಲಗುವ ಹೊತ್ತಿಗೆ. ಮಗು ನಡೆಯುತ್ತಿದೆಯಲ್ಲ ಅಂತ ಬೂಟು ಬಿಚ್ಚಿ ಮೂಲೆಗೆಸೆಯುವವರೇ ಜಾಸ್ತಿ. ಪಾದ ಮತ್ತೆ ತಿರುಗಿದ ಮೇಲೆ ಓಡಿ ಬರುತ್ತಾರೆ.

ಬೆನ್ನಿಗೆ ಎಕ್ಸ್‌ರೇ ಬೇಕೇ ಬೇಕು. ಹೊಟ್ಟೆಯೊಳಗೆ ಮಲಗಿದ್ದ ರೀತಿಯಿಂದ ಬಾಗಿದ್ದರೆ ಸಾಮಾನ್ಯವಾಗಿ ತಾನಾಗೇ ನೆಟ್ಟಗಾಗುತ್ತದೆ. ಬೆನ್ನುಮೂಳೆಯ ಮಣಿಯೇ ಅರ್ಧ ಬೆಳೆದಿದ್ದರೆ ಕಿಡ್ನಿ ಸ್ಕ್ಯಾನ್, ಹೃದಯದ ಎಕೋ ಕೂಡ ಮಾಡಿಸಿ. ಇವೆಲ್ಲ ಗರ್ಭದಲ್ಲಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ರೂಪುಗೊಳ್ಳುತ್ತವೆ. ಎಳೆಮಗುವಿನ ಬೆನ್ನು ಎಳೆದು ಸರಿಮಾಡುತ್ತೇನೆ ಅನ್ನುವವರ ಕೈಗೆ ಮಗುವನ್ನು ಕೊಡಲೇಬೇಡಿ.

ಪ್ರಶ್ನೆ: ಮುಂದಿನ ಮಗುವಿಗೂ ಈ ಗೆರೆ ಬರುತ್ತಾ?
ಉತ್ತರ: ಬಹುತೇಕ ಬರುವುದಿಲ್ಲ, ಇದು ಸಾಮಾನ್ಯವಾಗಿ ವಂಶದಲ್ಲಿ ಬರುವಂಥದ್ದಲ್ಲ.

ಪ್ರಶ್ನೆ: ದೃಷ್ಟಿಗೆ ಕಾಲಿಗೆ ಕರಿದಾರ ಕಟ್ಟಬಹುದಾ?
ಉತ್ತರ: ಗೆರೆ ಇರುವ ಕಾಲಿಗೆ ಏನನ್ನೂ ಕಟ್ಟಬೇಡಿ.

ಪ್ರಶ್ನೆ: ಹುಟ್ಟುವಾಗಲೇ ಇಲ್ಲದ ಬೆರಳು ನಾಟಿ ಔಷಧಿಯಿಂದ ಬೆಳೆಯುತ್ತಾ?
ಉತ್ತರ: ಇಲ್ಲ. ಬೆಳೆಸಿಕೊಡುತ್ತೇನೆ ಅಂತ ದುಡ್ಡು ಕೇಳುವವರು ಮೋಸಗಾರರು.