ಕೂದಲೆಳೆಯಂಥ ಅಕ್ಷರ ಬೋರ್ಡಿಗೆ ಆಗುತ್ತಾ?

ಪ್ರಶ್ನೆ: ಆಗುಂಬೆ ರಸ್ತೆಯಲ್ಲಿರುವ ನಮ್ಮ ತೋಟದ ಮನೆಯಲ್ಲಿ ಹೋಮ್‌ಸ್ಟೇ ಶುರು ಮಾಡುತ್ತಿದ್ದೇವೆ. ಅಣ್ಣನ ಮಗ ಬೋರ್ಡು, ವಿಸಿಟಿಂಗ್ ಕಾರ್ಡು ಎರಡಕ್ಕೂ ರಾಲೆವೇ ಅನ್ನುವ ಫಾಂಟಿನ ತೀರಾ ತೆಳು ಅಕ್ಷರ ಹಾಕಿದ್ದಾನೆ. ಮೊಬೈಲಿನಲ್ಲಿ ಚೆಂದ ಕಾಣುತ್ತದೆ. ಕನ್ನಡದ ಹೆಸರು ಮಾತ್ರ ದಪ್ಪಗೆ, ಬೇರೆಯೇ ಥರ ಬಂದಿದೆ. ಹೀಗೇ ಮಾಡಿಸಬಹುದಾ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಬೋರ್ಡಿಗೆ ಬೇಡ. ಕಾರ್ಡಿಗೆ ಆಗಬಹುದು, ಅದೂ ದೊಡ್ಡದಾಗಿ ಬರೆಯುವ ಹೆಸರಿಗೆ ಮಾತ್ರ.

ಹುಡುಗನ ಆಯ್ಕೆ ಕೆಟ್ಟದ್ದೇನಲ್ಲ. ಮ್ಯಾಟ್ ಮೆಕಿನರ್ನಿ ರಾಲೆವೇಯನ್ನು ಮೊದಲು ಮಾಡಿದ್ದೇ ಒಂದೇ ಒಂದು ತೆಳು ಅಕ್ಷರವಾಗಿ, ದೊಡ್ಡ ತಲೆಬರಹಗಳಿಗಾಗಿ. 2012ರಲ್ಲಿ ಬೇರೆ ಇಬ್ಬರು ಸೇರಿ ಅದನ್ನು ತೆಳುವಿನಿಂದ ದಪ್ಪದವರೆಗೆ 9 ಬಗೆಗೆ ಬೆಳೆಸಿದರು. ವೃತ್ತ, ನೇರ ಗೆರೆ ಇಟ್ಟುಕೊಂಡು ಅಕ್ಷರ ಕಟ್ಟುವ ಈ ದಾರಿಯಲ್ಲಿ ದೊಡ್ಡ ಹೆಸರು 1927ರ ಫ್ಯೂಚುರಾ, ಜರ್ಮನಿಯ ಪಾಲ್ ರೆನ್ನರ್ ಮಾಡಿದ್ದು. ಇಂಥ ಅಕ್ಷರಕ್ಕೆ ಸುತ್ತಲೂ ಖಾಲಿ ಜಾಗ ಬೇಕು, ಗಾತ್ರ ಬೇಕು, ಓದುವವರು ಹತ್ತಿರ ಇರಬೇಕು.

ನಿಮ್ಮ ಬೋರ್ಡಿಗೆ ಇದ್ಯಾವುದೂ ಸಿಗುವುದಿಲ್ಲ. ಆಗುಂಬೆ ಕಡೆಯ ಮಳೆ ನಿಮಗೆ ಹೇಳಬೇಕಾ? ಜುಲೈನಲ್ಲಿ ಮಂಜು ಮುಸುಕಿ, ಗಾಜಿನ ಮೇಲೆ ವೈಪರ್ ಓಡುತ್ತಿರುವಾಗ, ತಿರುವಿನಲ್ಲಿ ಕಾರು ಓಡಿಸುವವರಿಗೆ ಬೋರ್ಡು ಓದಲು ಸಿಗುವುದು ಒಂದೆರಡು ಕ್ಷಣ. ಸಾಲದ್ದಕ್ಕೆ ಬೋರ್ಡಿನ ಮೇಲೆ ಪಾಚಿ ಬೇರೆ ಕಟ್ಟುತ್ತದೆ. ತೆಳು ಗೆರೆ ಅಲ್ಲೇ ಮಾಯ. ಅದೇ ರಾಲೆವೇಯ ಸೆಮಿಬೋಲ್ಡ್ (ಸ್ವಲ್ಪ ದಪ್ಪನೆಯ ಬಗೆ) ಹಾಕಿಸಿ, ಅಕ್ಷರಗಳ ನಡುವೆ ಸ್ವಲ್ಪ ಜಾಸ್ತಿ ಜಾಗ ಬಿಡಿಸಿ.

ಈಗ ಕನ್ನಡ. ನನಗೆ ಮುಖ್ಯ ಅನಿಸುವುದು ಇದೇ. ರಾಲೆವೇಯಲ್ಲಿ ಕನ್ನಡ ಅಕ್ಷರಗಳೇ ಇಲ್ಲ, ಅದಕ್ಕೇ ಕಂಪ್ಯೂಟರ್ ತನ್ನ ಹತ್ತಿರ ಇದ್ದ ಯಾವುದೋ ಫಾಂಟಿನಿಂದ ಸುಮ್ನೆ ತುಂಬಿಸಿಬಿಟ್ಟಿದೆ. ಅನೇಕ್ ಕನ್ನಡ ಅಥವಾ ನೋಟೊ ಸಾನ್ಸ್ ಕನ್ನಡ ಇಳಿಸಿಕೊಳ್ಳಲು ಹೇಳಿ. ಎರಡೂ ಉಚಿತ, ಎರಡರಲ್ಲೂ ತೆಳುವಿನಿಂದ ದಪ್ಪದವರೆಗೆ ಎಲ್ಲ ಇದೆ. ಆದರೆ ಇಂಗ್ಲಿಷ್ ಎಷ್ಟು ತೆಳುವೋ ಕನ್ನಡವೂ ಅಷ್ಟೇ ತೆಳು ಇರಲಿ ಅಂತ ಹಟ ಬೇಡ. ನಮ್ಮ ಒತ್ತಕ್ಷರ ಗಾತ್ರದಲ್ಲೇ ಚಿಕ್ಕದು. 'ತೀರ್ಥಹಳ್ಳಿ' ಅಂತ ತೆಳುವಾಗಿ ಸಣ್ಣಗೆ ಪ್ರಿಂಟ್ ತೆಗೆದು ನೋಡಿ, ಮೊದಲು ಕಾಣದಾಗುವುದು ಆ ಒತ್ತುಗಳೇ. ಕನ್ನಡದ ಹೆಸರನ್ನೇ ಮೊದಲು ಕೂರಿಸಿ, ಆಮೇಲೆ ಅದಕ್ಕೆ ಹೊಂದುವ ಇಂಗ್ಲಿಷ್ ಹುಡುಕಲಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಪ್ರಕಾರ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ.

ಕಾರ್ಡಿನ ಬಗ್ಗೆ ಒಂದು ಮಾತು. ರಾಲೆವೇಯ ಅಂಕಿಗಳು ಒಂದೇ ಎತ್ತರದಲ್ಲಿ ನಿಲ್ಲುವುದಿಲ್ಲ, ಕೆಲವು ಗೆರೆಯಿಂದ ಕೆಳಗೆ ಇಳಿಯುತ್ತವೆ. ಫೋನ್ ನಂಬರ್ ಕುಣಿದಂತೆ ಕಾಣುತ್ತದೆ. ಸಾಫ್ಟ್‌ವೇರ್‌ನಲ್ಲಿ ಅಂಕಿಗಳನ್ನು ಒಂದೇ ಎತ್ತರಕ್ಕೆ ತರುವ 'ಲೈನಿಂಗ್ ಫಿಗರ್ಸ್' ಅನ್ನುವ ಆಯ್ಕೆ ಇದ್ದರೆ ಒತ್ತಲಿ. ಇಲ್ಲದಿದ್ದರೆ ನಂಬರಿಗೆ ನೋಟೊ ಸಾನ್ಸ್ ಬಳಸಲಿ.