ಬೇಡವಾದ ಡೆಸ್ಕ್‌ಟಾಪ್ ಬುಡಸಮೇತ ಹೋಗಬೇಕೆಂದರೆ

(ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಟೈಪ್ ಮಾಡಿ.)

ಪ್ರಶ್ನೆ: ನನ್ನ ಉಬುಂಟು ಲಿನಕ್ಸ್‌ನಲ್ಲಿ ಗ್ನೋಮ್ ಡೆಸ್ಕ್‌ಟಾಪ್ ಇತ್ತು. ಕೆಡಿಇ ಎಂಬ ಇನ್ನೊಂದು ಡೆಸ್ಕ್‌ಟಾಪ್ ನೋಡೋಣವೆಂದು ‘ಕುಬುಂಟು-ಡೆಸ್ಕ್‌ಟಾಪ್’ ಹಾಕಿಕೊಂಡೆ, ಹಿಡಿಸಲಿಲ್ಲ. ಆ ಪ್ಯಾಕೇಜ್ ತೆಗೆದರೂ ಕೆಡಿಇ ಹಾಗೆಯೇ ಇದೆ. ಏಕೆ?

ಉತ್ತರ: ಕುಬುಂಟು-ಡೆಸ್ಕ್‌ಟಾಪ್ ಮೆಟಾಪ್ಯಾಕೇಜ್. ಅದರೊಳಗೆ ಪ್ರೋಗ್ರಾಂಗಳಿಲ್ಲ, ಏನೇನು ಬೇಕು ಎಂಬ ಪಟ್ಟಿ ಮಾತ್ರ ಇದೆ. ನೀವು ಪಟ್ಟಿಯನ್ನು ಹರಿದಿರಿ, ಸಾಮಾನು ಉಳಿಯಿತು. ಬೇರಾವುದಕ್ಕೂ ಬೇಡವಾಗಿ ಉಳಿದ ಪ್ಯಾಕೇಜ್‌ಗಳನ್ನು ತೆಗೆಯುವ ‘ಆಟೋರಿಮೂವ್’ ಕೊಟ್ಟರೂ ಎಲ್ಲವೂ ಹೋಗುವುದಿಲ್ಲ. ಉಳಿದ ಯಾವುದಾದರೂ ಪ್ಯಾಕೇಜ್ ಇನ್ನೊಂದನ್ನು ಬರೀ ಶಿಫಾರಸು ಮಾಡಿದ್ದರೂ ಉಬುಂಟುವಿನ ಪ್ಯಾಕೇಜ್ ನಿರ್ವಾಹಕ ಆಪ್ಟ್ ಆ ಇನ್ನೊಂದನ್ನು ಉಳಿಸಿಕೊಳ್ಳುತ್ತದೆ.

ಹಾಗೆಂದು ‘ಕೆಡಿಇ’ ಮುಂದೆ ನಕ್ಷತ್ರ ಚಿಹ್ನೆ ಹಾಕಿ ಅಳಿಸಲು ಹೋಗಬೇಡಿ. ಆ ಮೂರು ಅಕ್ಷರಗಳಿಂದಲೇ ಶುರುವಾಗುವ ವಿಡಿಯೋ ಎಡಿಟರ್ ಕೆಡೆನ್‌ಲೈವ್ ಕೂಡ ಜೊತೆಗೇ ಹೋದೀತು. ಹೆಸರುಗಳನ್ನು ಊಹಿಸಬೇಕಾಗಿಯೂ ಇಲ್ಲ. ಕುಬುಂಟು-ಡೆಸ್ಕ್‌ಟಾಪ್ ಹಾಕಿದ ದಿನ ಬಂದದ್ದೆಲ್ಲ ‘/ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್’ ಕಡತದಲ್ಲಿ ದಿನಾಂಕದೊಂದಿಗೆ ದಾಖಲಾಗಿರುತ್ತದೆ. ತಿಂಗಳು ಕಳೆದಿದ್ದರೆ ಅದೇ ಫೋಲ್ಡರ್‌ನಲ್ಲಿರುವ ‘ಹಿಸ್ಟರಿ.ಲಾಗ್.1.ಜಿಝಡ್’ ಕಡತವನ್ನು ‘ಝಡ್‌ಲೆಸ್’ ಕಮಾಂಡ್‌ನಿಂದ ತೆರೆಯಿರಿ. ‘ಇನ್‌ಸ್ಟಾಲ್’ ಸಾಲಿನಿಂದ ಹೆಸರುಗಳನ್ನಷ್ಟೇ ಎತ್ತಿಕೊಳ್ಳಿ, ಆವರಣದೊಳಗಿನ ಆವೃತ್ತಿ ಸಂಖ್ಯೆ ಬೇಡ.

ಅಳಿಸುವ ಮೊದಲು ಲಾಗಿನ್ ಪರದೆಯನ್ನು ಗ್ನೋಮ್‌ಗೆ ಮರಳಿಸಿ. ಬಹುಪಾಲು ಜನ ಎಡವುವುದು ಇಲ್ಲೇ. ಗ್ನೋಮ್‌ನ ಲಾಗಿನ್ ಪರದೆ ಜಿಡಿಎಂ3. ಕೆಡಿಇ ಜೊತೆ ಎಸ್‌ಡಿಡಿಎಂ ಎಂಬ ಬೇರೆ ಲಾಗಿನ್ ಪರದೆ ಬಂದಿರುತ್ತದೆ. ಅದೇ ಡೀಫಾಲ್ಟ್ ಆಗಿರುವಾಗ ಕಿತ್ತುಹಾಕಿದರೆ ಮರುದಿನ ಕಪ್ಪು ಪರದೆ ಎದುರಾಗಬಹುದು. ‘ಸುಡೋ ಡಿಪಿಕೆಜಿ-ರಿಕಾನ್ಫಿಗರ್ ಜಿಡಿಎಂ3’ ಕೊಟ್ಟು ಜಿಡಿಎಂ3 ಆರಿಸಿ, ರೀಬೂಟ್ ಮಾಡಿ, ಗ್ನೋಮ್ ಸೆಷನ್‌ಗೇ ಲಾಗಿನ್ ಆಗಿ. ಬಳಿಕ ‘ಸುಡೋ ಆಪ್ಟ್-ಮಾರ್ಕ್ ಮ್ಯಾನ್ಯುಯಲ್ ಉಬುಂಟು-ಡೆಸ್ಕ್‌ಟಾಪ್ ಜಿಡಿಎಂ3’ ಕೊಡಿ. ಆಟೋರಿಮೂವ್ ಇವೆರಡನ್ನೂ ಮುಟ್ಟದು.

ಈಗ ‘ಆಪ್ಟ್ -ಎಸ್ ಪರ್ಜ್’ ಮುಂದೆ ಹಿಸ್ಟರಿ.ಲಾಗ್‌ನಿಂದ ಎತ್ತಿಕೊಂಡ ಹೆಸರುಗಳನ್ನು ಹಾಕಿ. ‘-ಎಸ್’ ಇರುವಾಗ ಏನೂ ಅಳಿಯುವುದಿಲ್ಲ, ಏನೇನು ಹೋಗಲಿದೆ ಎಂದು ತೋರಿಸುತ್ತದಷ್ಟೇ. ಆ ಪಟ್ಟಿಯನ್ನು ಕೊನೆಯವರೆಗೂ ಓದಿ. ಉಬುಂಟು-ಡೆಸ್ಕ್‌ಟಾಪ್, ಜಿಡಿಎಂ3, ನೆಟ್‌ವರ್ಕ್-ಮ್ಯಾನೇಜರ್ ಕಂಡರೆ ಅಲ್ಲಿಗೇ ನಿಲ್ಲಿ. ಕೆಡೆನ್‌ಲೈವ್, ಚಿತ್ರ ಬಿಡಿಸುವ ಕ್ರಿಟಾದಂಥ ಪ್ರೋಗ್ರಾಂಗಳು ಕಂಡರೆ ಅವು ನೆಚ್ಚಿಕೊಂಡ ‘ಲಿಬ್‌ಕೆಎಫ್’ನಿಂದ ಶುರುವಾಗುವ ಲೈಬ್ರರಿಗಳನ್ನು ನಿಮ್ಮ ಪಟ್ಟಿಯಿಂದ ಬಿಡಿ, ಮತ್ತೆ ಪರೀಕ್ಷಿಸಿ. ಪಟ್ಟಿ ಸರಿಯೆನಿಸಿದ ಮೇಲೆ ‘-ಎಸ್’ ತೆಗೆದು, ಮುಂದೆ ‘ಸುಡೋ’ ಸೇರಿಸಿ ಓಡಿಸಿ. ಕೊನೆಗೆ ‘ಸುಡೋ ಆಪ್ಟ್ ಆಟೋರಿಮೂವ್ --ಪರ್ಜ್’. ಅದು ಕೇಳುವ ಪ್ರಶ್ನೆಗೂ ಪಟ್ಟಿ ನೋಡದೆ ‘ವೈ’ ಒತ್ತಬೇಡಿ.

ಅಷ್ಟಾಗಿಯೂ ಕಪ್ಪು ಪರದೆ ಬಂದರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ, ಅಕ್ಷರ ಪರದೆಯಲ್ಲಿ ಲಾಗಿನ್ ಆಗಿ, ಮೇಲಿನ ರಿಕಾನ್ಫಿಗರ್ ಕಮಾಂಡನ್ನೇ ಮತ್ತೆ ಕೊಟ್ಟು ರೀಬೂಟ್ ಮಾಡಿ. ಜಿಡಿಎಂ3 ಕೂಡ ಹೋಗಿದ್ದರೆ ‘ಸುಡೋ ಆಪ್ಟ್ ಇನ್‌ಸ್ಟಾಲ್ ಉಬುಂಟು-ಡೆಸ್ಕ್‌ಟಾಪ್’. ಇದಕ್ಕೆ ಇಂಟರ್‌ನೆಟ್ ಬೇಕು. ನೆಟ್‌ವರ್ಕ್-ಮ್ಯಾನೇಜರ್ ಮೇಲೆ ಕಣ್ಣಿಡಿ ಎಂದದ್ದು ಅದಕ್ಕೇ.

ಪ್ರಶ್ನೆ: ಕೆಡಿಇ ತೆಗೆದ ಮೇಲೂ ಕೆಲವು ಗ್ನೋಮ್ ಆ್ಯಪ್‌ಗಳ ಬಣ್ಣ, ಗುಂಡಿಗಳು ಕೆಡಿಇಯಂತೆಯೇ ಕಾಣುತ್ತವೆ. ಬೂಟ್ ಆಗುವಾಗ ಕುಬುಂಟು ಲಾಂಛನವೂ ಬರುತ್ತದೆ.

ಉತ್ತರ: ಆಪ್ಟ್ ನಿಮ್ಮ ಹೋಮ್ ಫೋಲ್ಡರಿಗೆ ಕೈಹಾಕುವುದಿಲ್ಲ, ಅಲ್ಲಿ ಕೆಡಿಇ ಬರೆದದ್ದು ಹಾಗೇ ಉಳಿಯುತ್ತದೆ. ಹೋಮ್‌ನಲ್ಲಿ ಅಡಗಿರುವ ‘.ಕಾನ್ಫಿಗ್’ ಒಳಗಿನ ‘ಜಿಟಿಕೆ-3.0’ ಮತ್ತು ‘ಜಿಟಿಕೆ-4.0’ ಫೋಲ್ಡರ್‌ಗಳಲ್ಲಿರುವ ಜಿಟಿಕೆ.ಸಿಎಸ್‌ಎಸ್, ಕಲರ್ಸ್.ಸಿಎಸ್‌ಎಸ್, ಸೆಟ್ಟಿಂಗ್ಸ್.ಐಎನ್‌ಐ ಕಡತಗಳ ಹೆಸರು ಬದಲಿಸಿ, ಲಾಗೌಟ್ ಆಗಿ ಮತ್ತೆ ಬನ್ನಿ. ಫೋಲ್ಡರನ್ನೇ ಅಳಿಸಬೇಡಿ, ಕಡತ ನಿರ್ವಾಹಕದ ಬುಕ್‌ಮಾರ್ಕ್‌ಗಳು ‘ಜಿಟಿಕೆ-3.0’ ಒಳಗೇ ಇರುತ್ತವೆ. ಲಾಂಛನಕ್ಕೆ ‘ಸುಡೋ ಅಪ್‌ಡೇಟ್-ಆಲ್ಟರ್ನೇಟಿವ್ಸ್ --ಕಾನ್ಫಿಗ್ ಡೀಫಾಲ್ಟ್.ಪ್ಲಿಮತ್’ ಕೊಟ್ಟು ಬೇಕಾದ್ದನ್ನು ಆರಿಸಿ, ನಂತರ ‘ಸುಡೋ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’ ಕೊಡಿ. ಎರಡನೆಯದನ್ನು ಮರೆತರೆ ಹಳೆಯ ಚಿತ್ರವೇ ಬರುತ್ತದೆ.

ಪ್ರಶ್ನೆ: ಫೆಡೋರಾ ಎಂಬ ಇನ್ನೊಂದು ಲಿನಕ್ಸ್‌ನಲ್ಲೂ ಇದೇ ಕ್ರಮವೇ?

ಉತ್ತರ: ಅಲ್ಲಿ ಇಷ್ಟು ಕಷ್ಟವಿಲ್ಲ, ಆಪ್ಟ್ ಬದಲು ಡಿಎನ್‌ಎಫ್ ಇದೆ. ‘ಡಿಎನ್‌ಎಫ್ ಹಿಸ್ಟರಿ ಲಿಸ್ಟ್’ ಕೊಟ್ಟು ಡೆಸ್ಕ್‌ಟಾಪ್ ಹಾಕಿದ ಸಾಲಿನ ಸಂಖ್ಯೆ ಹುಡುಕಿ. ‘ಸುಡೋ ಡಿಎನ್‌ಎಫ್ ಹಿಸ್ಟರಿ ಅನ್‌ಡೂ’ ಮುಂದೆ ಆ ಸಂಖ್ಯೆ ಹಾಕಿದರೆ ಅಂದು ಬಂದದ್ದನ್ನು ತೆಗೆಯಲು ಸಿದ್ಧವಾಗುತ್ತದೆ. ಒಪ್ಪುವ ಮುನ್ನ ಪಟ್ಟಿ ಓದುವುದು ಮಾತ್ರ ಇಲ್ಲಿಯೂ ತಪ್ಪಿದ್ದಲ್ಲ.